ಎರಡು ಸಲ ತಟ್ಟಿದ ಸದ್ದು

ಸಾಕ್ಷಿಯ ಕುರ್ಚಿಗೂ ಆರೋಪಿಯ ಕಟಕಟೆಗೂ ನಡುವೆ ಹಸಿರು ಪರದೆ ಕಟ್ಟಿದ್ದರು. ಆರೋಪಿಯ ಮುಖ ಮಗುವಿನ ಕಣ್ಣಿಗೆ ಬೀಳಬಾರದು, ಹಾಗೆಂದು ಕಾನೂನು. ಮಗುವಿಗೋ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ.

“ಬೋಳುತಲೆಗೆ ಬಾಚಣಿಗೆ ಕೊಟ್ಟ ಹಾಗಾಯ್ತು,” ಎಂದು ಮಗುವಿನ ಚಿಕ್ಕಪ್ಪ ಬಾಗಿಲ ಸಂದಿಯಿಂದ ಇಣುಕಿ ಪಿಸುಗುಟ್ಟಿದ. ಅವನಿಗೆ ಒಳಗೆ ಬರಲು ಅಪ್ಪಣೆ ಇರಲಿಲ್ಲ. ಮಗುವಿನ ಪಕ್ಕ ಕೂತಿದ್ದ ಚಿಕ್ಕಮ್ಮ ನಗಲಿಲ್ಲ.

ಸರ್ಕಾರಿ ವಕೀಲೆ ಹೊರಗೇ ಅವಳನ್ನು ಎಚ್ಚರಿಸಿದ್ದರು. “ಮಗು ಪಕ್ಕ ನೀವು ಕೂತ್ಕೋಬಹುದು. ಆದ್ರೆ ಮುಟ್ಟೋ ಹಾಗಿಲ್ಲ, ತುಟಿ ಬಿಚ್ಚೋ ಹಾಗಿಲ್ಲ. ನೀವು ‘ಹ್ಞೂಂ’ ಅಂದ್ರೂ ಸಾಕು, ಹೇಳಿಕೊಟ್ಟು ಕರ್ಕೊಂಡು ಬಂದಿದ್ದಾರೆ ಅಂತ ಆ ಕಡೆ ವಕೀಲರು ಹಿಡ್ಕೋತಾರೆ. ನಮ್ಮ ಕೈಲಿರೋದು ಈ ಮಗುವಿನ ಮಾತೊಂದೇ.”

“ಅವಳು ಮಾತಾಡದೇ ಹೋದ್ರೆ?”

“ಅವನು ಮನೆಗೆ ಹೋಗ್ತಾನೆ.”

ಅವನ ಮನೆ ಇದ್ದದ್ದು ಇವರ ಬೀದಿಯ ತಿರುವಿನಲ್ಲೇ.

ಮಗುವಿಗೆ ಮನೆಯಲ್ಲಿ ಪಿಟೀಲು ಎಂದೇ ಹೆಸರು. ಎದ್ದಾಗಿನಿಂದ ಮಲಗುವ ತನಕ ಕುಯ್ಯುತ್ತಲೇ ಇರುತ್ತಾಳೆಂದು ಚಿಕ್ಕಪ್ಪ ಇಟ್ಟದ್ದು. ಅಮ್ಮ ತೀರಿಕೊಂಡ ಮೇಲೆ ಚಿಕ್ಕಮ್ಮನ ಮಡಿಲಿಗೆ ಬಂದ ಕೂಸು. ಹಾಡಿನ ಮೇಷ್ಟ್ರ ಹತ್ತಿರ ಪಾಠಕ್ಕೆ ಸೇರಿದ ಕೆಲವು ತಿಂಗಳಿಗೆ ಪಿಟೀಲಿನ ತಂತಿ ಕಡಿದುಹೋಯಿತು. ಯಾರಾದರೂ ತಟ್ಟೆಗೆ ಚಮಚ ಎರಡು ಸಲ ತಾಗಿಸಿದರೆ ಸಾಕು, ಬಾಯಲ್ಲಿದ್ದ ತುತ್ತು ಬಾಯಲ್ಲೇ ಇಟ್ಟುಕೊಂಡು ಕಲ್ಲಾಗುತ್ತಿದ್ದಳು.

ಕಾರಣ ಬಾಯಿಗೆ ಬರಲು ಬಹಳ ದಿನ ಹಿಡಿಯಿತು. ಮೇಷ್ಟ್ರು ಉಂಗುರ ತೊಟ್ಟ ಬೆರಳಿನಿಂದ ಮೇಜಿನ ಮೇಲೆ ಎರಡು ಸಲ ತಟ್ಟಿದರೆ ಹಾಡು ನಿಲ್ಲಿಸಬೇಕು. ಮೊದಲು ಅದು ಪಾಠದ ನಿಯಮವಾಗಿತ್ತು. ಬಾಗಿಲು ಹಾಕಿಕೊಳ್ಳಲು ಶುರುಮಾಡಿದ ಮೇಲೆ, ಅಳು ನಿಲ್ಲಿಸಲಿಕ್ಕೂ ಅದೇ ಸದ್ದು. ಚಿಕ್ಕಮ್ಮ ಉಕ್ಕಿನ ಚಮಚಗಳನ್ನೆಲ್ಲ ಅಟ್ಟಕ್ಕೆ ಹಾಕಿ ಮರದ್ದು ತಂದಳು. “ನಮ್ಮನೇಲಿ ಚಮಚಕ್ಕೂ ಕಾಲುಚೀಲ ಹಾಕಿದ್ದೀವಿ,” ಎಂದು ಚಿಕ್ಕಪ್ಪ ನೆಂಟರ ಮುಂದೆ ತೇಲಿಸಿಬಿಡುತ್ತಿದ್ದ. ಪೊಲೀಸರಿಗೆ ಈ ಸಂಗತಿ ಹೇಳಬೇಕೆಂದು ಇಬ್ಬರಿಗೂ ತೋಚಿರಲಿಲ್ಲ.

ನ್ಯಾಯಾಧೀಶೆ ತಮ್ಮ ಎತ್ತರದ ಪೀಠ ಬಿಟ್ಟು ಕೆಳಗಿಳಿದು ಮಗುವಿನ ಎದುರೇ ಕುರ್ಚಿ ಹಾಕಿಸಿಕೊಂಡಿದ್ದರು.

“ಸುಳ್ಳು ಅಂದ್ರೆ ಏನು, ಗೊತ್ತಾ ಪುಟ್ಟಾ?”

“ಚಿಕ್ಕಪ್ಪ ‘ನಾನು ಗೊರಕೆ ಹೊಡೆಯಲ್ಲ’ ಅಂತಾರಲ್ಲ, ಅದು.”

ಬೆರಳಚ್ಚಿನವಳು ನಗು ನುಂಗಿಕೊಂಡಳು. ಒಂದೊಂದೇ ಪ್ರಶ್ನೆ ಬಂತು, ಒಂದೊಂದಕ್ಕೂ ಪಿಟೀಲು ಉತ್ತರ ಕೊಟ್ಟಳು. ಕೋಣೆ ಎಂಥದ್ದು, ಚಾಪೆ ಎಲ್ಲಿತ್ತು, ಉಳಿದ ಮಕ್ಕಳು ಯಾವಾಗ ಹೋಗುತ್ತಿದ್ದರು.

“ಆಮೇಲೆ ಮೇಷ್ಟ್ರು ಬಾಗಿಲು ಹಾಕಿದ್ರು. ನನ್ನ ಹತ್ತಿರ ಬಂದು...”

ಟಕ್, ಟಕ್.

ಮರಕ್ಕೆ ಲೋಹ ತಾಗಿದ ಸಣ್ಣ ಸದ್ದು. ಯಾರೂ ತಲೆ ಎತ್ತಲಿಲ್ಲ. ಪಿಟೀಲು ಮಾತ್ರ ಬಾಯಿ ತೆರೆದ ಹಾಗೇ ಕಲ್ಲಾಗಿಬಿಟ್ಟಳು.

ಚಿಕ್ಕಮ್ಮ ಪರದೆಯತ್ತ ತಿರುಗಿದಳು. ಇವನು ಇಲ್ಲೂ ತಟ್ಟುತ್ತಿದ್ದಾನೆ. ಇಷ್ಟು ಜನರ ನಡುವೆ, ನ್ಯಾಯಾಧೀಶರ ಎದುರಿಗೇ.

“ನೀರು ಬೇಕಾ, ಪುಟ್ಟಾ?” ಎಂದರು ನ್ಯಾಯಾಧೀಶೆ.

ಮಗುವಿನ ಕೈ ಗಾಳಿಯಲ್ಲಿ ಚಿಕ್ಕಮ್ಮನನ್ನು ತಡಕಿತು. ಒಂದು ಗೇಣು ದೂರದಲ್ಲಿತ್ತು ಆ ಕೈ. ಹಿಡಿದರೆ ಕೇಸು ಹೋಗುತ್ತದೆ. ಹಿಡಿಯದಿದ್ದರೆ ಮಗು ಹೋಗುತ್ತದೆ. ಚಿಕ್ಕಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆ ಕೂತಳು.

“ನೋಡಿ, ಹೇಳಿಕೊಟ್ಟ ಪಾಠ ಇಲ್ಲಿಗೆ ಮುಗೀತು,” ಎಂದರು ಆ ಕಡೆಯ ವಕೀಲರು. “ಅಷ್ಟಕ್ಕೂ ಕಣ್ಣೇ ಕಾಣದ ಮಗು ಇಂಥವನೇ ಅಂತ ಹೇಗೆ ಗುರುತಿಸುತ್ತೆ?”

ನ್ಯಾಯಾಧೀಶೆ ಕೈಯೆತ್ತಿ ಅವರನ್ನು ತಡೆದರು. ಚಿಕ್ಕಮ್ಮನ ಗಂಟಲಿನಲ್ಲಿ ಮಾತು ಕೆಂಡದ ಹಾಗೆ ಕೂತಿತ್ತು. ಉಗುಳುವಂತಿಲ್ಲ, ನುಂಗುವಂತಿಲ್ಲ. ಹೇಳು ಪಿಟೀಲೂ, ಹೇಳೇ ನನ್ನಮ್ಮಾ.

“ಮಾತಾಡಿದ್ರೆ ಬೈತಾರಾ?” ಪಿಟೀಲಿನ ದನಿ ಸೊಳ್ಳೆಯ ದನಿಯಷ್ಟಿತ್ತು.

“ಯಾರು ಬೈತಾರೆ?”

“ಮೇಷ್ಟ್ರು. ಈಗ ತಾನೇ ಸುಮ್ನಿರು ಅಂದ್ರಲ್ಲ.”

“ಇಲ್ಲಿ ಯಾರೂ ಹಾಗೆ ಅನ್ನಲಿಲ್ಲ, ಮಗೂ.”

“ಅಂದ್ರು. ಅಲ್ಲಿಂದ.” ಪಿಟೀಲು ಎಡಕ್ಕೆ ತಿರುಗಿ ಪರದೆಯತ್ತ ನೇರವಾಗಿ ಬೆರಳು ಚಾಚಿದಳು. ಆಮೇಲೆ ಕುರ್ಚಿಯ ಕೈಯ ಮೇಲೆ ಉಗುರಿನಿಂದ ಎರಡು ಸಲ ತಟ್ಟಿದಳು. “ಹೀಗೆ. ಹೀಗಂದ್ರೆ ಅಳಬಾರ್ದು. ಯಾರಿಗೂ ಹೇಳಬಾರ್ದು.”

“ಪರದೆ ಸರಿಸಿ,” ಎಂದರು ನ್ಯಾಯಾಧೀಶೆ.

ಜವಾನ ಸರಿಸಿದ. ಮೇಷ್ಟ್ರ ಬಲಗೈ ಕಟಕಟೆಯ ಮರದ ಪಟ್ಟಿಯ ಮೇಲಿತ್ತು. ಮಧ್ಯದ ಬೆರಳಿನಲ್ಲಿ ದಪ್ಪ ಉಂಗುರ. ಕೈ ಹಿಂದಕ್ಕೆ ಎಳೆದುಕೊಳ್ಳಲು ಹೋದ, ಅಷ್ಟರಲ್ಲಿ ಎಲ್ಲರೂ ನೋಡಿಯಾಗಿತ್ತು.

“ಉಂಗುರ ನನ್ನ ಕೈಯಲ್ಲೂ ಇದೆ,” ಎಂದರು ವಕೀಲರು.

“ಇದೆ. ನೀವು ತಟ್ಟಿಲ್ಲ,” ಎಂದರು ನ್ಯಾಯಾಧೀಶೆ. ಬೆರಳಚ್ಚಿನವಳ ಕಡೆ ತಿರುಗಿ, “ಸದ್ದು ನನ್ನ ಕಿವಿಗೂ ಬಿತ್ತು. ಅದು ಬಿದ್ದ ಕೂಡಲೇ ಸಾಕ್ಷಿಯ ಮಾತು ನಿಂತಿತು. ಬರೆದುಕೊಳ್ಳಿ. ಆರೋಪಿಯನ್ನು ಪಕ್ಕದ ಕೋಣೆಗೆ ಕರ್ಕೊಂಡು ಹೋಗಿ. ಅಲ್ಲಿಂದ ಟಿ.ವಿ.ಯಲ್ಲಿ ಕೇಳಲಿ.”

ಹೆಜ್ಜೆಗಳು ದೂರವಾಗುವ ತನಕ ಪಿಟೀಲು ತಲೆ ಓರೆಮಾಡಿ ಕೇಳಿಸಿಕೊಂಡಳು. ಬಾಗಿಲು ಮುಚ್ಚಿತು. ಅವಳು ಮಾತು ನಿಂತಲ್ಲಿಂದಲೇ ಮತ್ತೆ ಎತ್ತಿಕೊಂಡಳು.

ತೀರ್ಪಿನ ದಿನ ನ್ಯಾಯಾಧೀಶೆ ಕಾರಣಗಳನ್ನು ಗಟ್ಟಿಯಾಗಿ ಓದಿದರು. ಕಲಿಸುವವನ ಮೇಲೆ ಇಟ್ಟ ನಂಬಿಕೆ. ಕಣ್ಣು ಕಾಣದ ಮಗುವೆಂದೇ ಆರಿಸಿಕೊಂಡ ಲೆಕ್ಕಾಚಾರ. ಕೊನೆಗೆ, ಕೋರ್ಟಿನೊಳಗೇ ಮಗುವಿನ ಬಾಯಿ ಮುಚ್ಚಿಸಲು ನೋಡಿದ ಧೈರ್ಯ. ಕಿವಿಯಿಂದ ಲೋಕ ನೋಡುವ ಮಗುವಿಗೆ ಬಟ್ಟೆಯ ಪರದೆ ಕಟ್ಟಿದ್ದು ನಮ್ಮ ತಪ್ಪು ಎಂದೂ ಓದಿದರು. ಶಿಕ್ಷೆ, ಇಪ್ಪತ್ತು ವರ್ಷ.

“ಇಪ್ಪತ್ತು ವರ್ಷ ಆದಾಗ ನನಗೆಷ್ಟು ವಯಸ್ಸು?” ಎಂದು ದಾರಿಯಲ್ಲಿ ಪಿಟೀಲು ಕೇಳಿದಳು.

“ಈಗ ನನಗಾಗಿರೋ ಅಷ್ಟು.”

“ಆವಾಗ ಬರ್ತಾರಾ?”

ಚಿಕ್ಕಮ್ಮ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದಳು.

ಆ ಸಂಜೆ ಪಿಟೀಲು ತಾನೇ ಅಟ್ಟದ ಚಮಚ ಕೇಳಿ ಇಳಿಸಿಕೊಂಡಳು. ಊಟಕ್ಕೆ ಕೂತಾಗ ಚಿಕ್ಕಪ್ಪ ಕಚೇರಿಯ ಕತೆ ಹೇಳುತ್ತಿದ್ದ, ಚಿಕ್ಕಮ್ಮ ನಡುನಡುವೆ ಅವನ ಕಾಲೆಳೆಯುತ್ತಿದ್ದಳು.

ಟಕ್, ಟಕ್.

ಚಿಕ್ಕಮ್ಮನ ಮಾತು ಕತ್ತರಿಸಿದಂತೆ ನಿಂತಿತು. ಚಿಕ್ಕಪ್ಪನ ತುತ್ತು ಬಾಯಿಯ ಹತ್ತಿರವೇ ಉಳಿಯಿತು. ಇಬ್ಬರೂ ಮಗುವಿನ ಮುಖ ನೋಡಿದರು.

ಪಿಟೀಲು ಚಮಚ ಹಿಡಿದು ಕಿವಿಗೊಟ್ಟು ಕಾದಳು.

“ಯಾಕೆ ಸುಮ್ನಾದ್ರಿ?” ಎಂದಳು. “ಮಾತಾಡಿ. ನಾನೇ ತಟ್ಟಿದ್ದು.”