ಅರಗಿನ ಪದರ

ಹೆಚ್ಚಿಗೆ ಮಾಡಿಟ್ಟುಕೊಂಡಿದ್ದ ಐದನೆಯ ವಾಷರನ್ನು ಆಮ್ರಪಾಲಿ ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿ ಅಳೆದಳು. ಎಂಬತ್ತೊಂದು. ಮೈಕ್ರೋಮೀಟರಿನ ಬಾಯಿ ಒರೆಸಿದಳು, ಸೊನ್ನೆ ಸರಿಯಾಗಿ ಕೂಡಿದೆಯೇ ನೋಡಿದಳು, ಮತ್ತೆ ಅಳೆದಳು. ಎಂಬತ್ತೊಂದೇ. ಬೇಕಾಗಿದ್ದದ್ದು ಎಂಬತ್ತೈದು ಪಾಯಿಂಟ್. ಒಂದು ಪಾಯಿಂಟ್ ಅಂದರೆ ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಒಂದು. ಕಣ್ಣಿಗೆ ಕಾಣುವಂಥದಲ್ಲ. ಆದರೆ ಇದರ ಜೊತೆಯ ನಾಲ್ಕು ವಾಷರು ನಿನ್ನೆಯೇ ಮೂಡಲಗಿಗೆ ಹೋಗಿದ್ದವು. ಅವು ಕೂಡಬೇಕಾದದ್ದು ತವನಪ್ಪನವರ ಕಬ್ಬಿನ ಗಾಣದ ಗೇರ್ ಪೆಟ್ಟಿಗೆಯಲ್ಲಿ, ಗಾಣ ಸುರುವಾಗುವುದು ಇವತ್ತೇ ಮಧ್ಯಾಹ್ನ. ವಾಷರ್ ತೆಳುವಾದರೆ ಒಳಗಿನ ದಂಡ ಓಲಾಡುತ್ತದೆ, ಗೇರಿನ ಹಲ್ಲು ಮುರಿಯುತ್ತದೆ. ಗಾಣದ ಬಾಯಿಗೆ ಕಬ್ಬು ಕೊಡುವವರ ಕೈ ಆಗ ಅಲ್ಲೇ ಇರುತ್ತದೆ.

ತಪ್ಪು ಎಲ್ಲಾಯಿತೆಂದು ಹುಡುಕಬೇಕಾಗಿರಲಿಲ್ಲ. ಕಟ್ಟಿಗೆಯ ತುಂಡಿನಲ್ಲಿ ಕೊರೆದ ಕುಳಿಯೊಳಗೆ ವಾಷರನ್ನಿಟ್ಟು, ಗಾಜಿನ ಮೇಲೆ ಹಾಸಿದ ಪಾಲಿಶ್ ಪೇಪರಿಗೆ ತಿಕ್ಕುವುದು ಅಪ್ಪ ಕಲಿಸಿದ ರೀತಿ. ಅದು ಜಾರುತ್ತಿತ್ತು, ಉಗುರು ಸವೆಯುತ್ತಿತ್ತು. ಈ ಸಲ ಅವಳು ಐದನ್ನೂ ಅಕ್ಕಸಾಲಿಗರಂತೆ ಅರಗು ಕಾಯಿಸಿ ಅಂಟಿಸಿಕೊಂಡಿದ್ದಳು. ತನ್ನದೇ ಉಪಾಯವೆಂದು ಒಳಗೊಳಗೆ ಹಿಗ್ಗಿದ್ದಳು ಕೂಡ. ಬಿಡಿಸಿದ ಮೇಲೆ ಸೀಮೆಎಣ್ಣೆಯಲ್ಲಿ ಒರೆಸಿದಳು. ಅರಗು ಸೀಮೆಎಣ್ಣೆಗೆ ಬಿಡುವುದಿಲ್ಲ. ಬೆನ್ನಿಗೆ ಉಳಿದ ತೆಳ್ಳನೆಯ ಪದರವನ್ನೂ ಅವಳು ಲೋಹವೆಂದೇ ಅಳೆದಿದ್ದಳು.

ಬಾಗಿಲ ಬಳಿ ಕೂತಿದ್ದ ಅಪ್ಪ ಕೇದಾರಿಗೆ ಹೇಳಿದಳು. ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಇಪ್ಪತ್ತೆಂಟು ವರ್ಷ ಫಿಟ್ಟರ್ ಆಗಿದ್ದವನು ಅವನು. ನಿವೃತ್ತನಾದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಕೆಲಸಕ್ಕೆ ಕೂತ. ಹುಕ್ಕೇರಿಯಿಂದಲೂ ಜನ ಅವನ ಹೆಸರು ಕೇಳಿಕೊಂಡು ಬರುತ್ತಿದ್ದರು. ಎರಡು ವರ್ಷದಿಂದ ಕಣ್ಣು ಪೂರ್ತಿ ಮಬ್ಬಾಗಿತ್ತು. ಅಂದಿನಿಂದ ತಿಕ್ಕುವುದು, ಅಳೆಯುವುದು ಎಲ್ಲ ಸಂಜೆ ಕ್ಲಾಸಿನಲ್ಲಿ ಕಲಿತುಬಂದ ಮಗಳದೇ. ಪೊಟ್ಟಣದ ಮೇಲೆ ಮಾತ್ರ ಕೇದಾರಿ ಮಿಸ್ತ್ರಿ ಎಂದೇ ಬರೆಯುತ್ತಿದ್ದರು. ಗೇರಿನ ಕೆಲಸವನ್ನು ಹೆಣ್ಣುಮಗಳ ಕೈಗೆ ಯಾರು ಕೊಡುತ್ತಾರೆ?

ಕೇದಾರಿ ಅವಳ ದನಿಯ ಕಡೆ ಮುಖ ತಿರುಗಿಸಿದ.

"ಅಪ್ಪನ ಕಣ್ಣ ಹ್ವಾದ್ವು, ಅದಕ್ಕ ಹಿಂಗಾತು ಅಂತ ಹೇಳವಾ," ಎಂದ. "ಮುದುಕನ ತಪ್ಪ ಮಂದಿ ನುಂಗಕೊಂತಾರ. ನಿನ್ನ ಹೆಸರು ಇನ್ನ ಸುರು ಆಗೂದೈತಿ. ಅದಕ್ಯಾಕ ಮಸಿ?"

ಎಸ್‌ಟಿಡಿ ಬೂತಿನಿಂದ ತವನಪ್ಪನವರಿಗೆ ಎರಡು ಸಲ ಫೋನ್ ಹಚ್ಚಿದಳು, ಯಾರೂ ಎತ್ತಲಿಲ್ಲ. ಮೈಕ್ರೋಮೀಟರಿನ ಡಬ್ಬಿ ಹಿಡಿದು ಬಸ್ಸು ಹತ್ತಿದಳು. ಅರಭಾವಿಯಲ್ಲಿ ಕಾಲೇಜಿನ ಹುಡುಗರು ಇಳಿದ ಮೇಲೆ ಸೀಟು ಸಿಕ್ಕಿತು. ದಾರಿಯುದ್ದಕ್ಕೂ ಅಪ್ಪ ಹೇಳಿಕೊಟ್ಟ ಮಾತನ್ನು ಮನಸ್ಸಿನಲ್ಲೇ ಹೇಳಿ ನೋಡಿದಳು. ನಾಲಿಗೆ ಅದಕ್ಕೆ ಒಗ್ಗುತ್ತಿರಲಿಲ್ಲ.

ಅವಳು ಮುಟ್ಟುವಷ್ಟರಲ್ಲಿ ಮೆಕ್ಯಾನಿಕ್ ರಾಯಪ್ಪ ವಾಷರು ಕೂಡಿಸಿ ಪೆಟ್ಟಿಗೆಯ ಮುಚ್ಚಳ ಬಿಗಿಯುತ್ತಿದ್ದ. ಬೆಲ್ಟ್ ಇನ್ನೂ ಹಾಕಿರಲಿಲ್ಲ. ವಾಷರು ನಾಲ್ಕು ಪಾಯಿಂಟ್ ಕಡಿಮೆ ಬಂದಿವೆ, ಗಾಣ ಬಿಡಬೇಡಿ ಎಂದಳು. ತವನಪ್ಪ ಟೊಪ್ಪಿಗೆ ತೆಗೆದು ನೆತ್ತಿ ಸವರಿಕೊಂಡರು.

"ನನ್ನ ತಲಿ ಮ್ಯಾಲ ಉಳದದ್ದ ನಾಕ ಕೂದಲಾ. ಅವ ಅದಕ್ಕಿಂತ ದಪ್ಪ ಅದಾವ ತಂಗಿ. ಮಿಸ್ತ್ರಿ ಎಂದೂ ತಪ್ಪಿದಾಂವಲ್ಲ, ಈಗೇನಾತು?"

"ಅಪ್ಪನ ಕಣ್ಣ ಹೋಗ್ಯಾವ್ರಿ, ಕಾಕಾ."

ತವನಪ್ಪನವರ ಮುಖದ ನಗೆ ಆರಿತು. ಯಾವಾಗಿನಿಂದ ಎಂದು ಕೇಳಿದರು. ಎರಡು ವರ್ಷವಾಯಿತು ಎಂದಳು. ಅದಂತೂ ಸುಳ್ಳಲ್ಲ.

"ಹಂಗಾರ ಹ್ವಾದ ವರ್ಷ ಎಂಜಿನ್‌ಗೆ ಮಾಡಿಕೊಟ್ಟದ್ದೂ ನಂಬಂಗಿಲ್ಲ. ರಾಯಪ್ಪಾ, ಎಂಜಿನ್ನೂ ಬಿಚ್ಚು."

ಎಂಜಿನ್ ಬಿಚ್ಚಿ ಕೂಡಿಸಲು ವಾರ ಬೇಕು. ಕಡಿದ ಕಬ್ಬು ಅಂಗಳದ ತುಂಬ ಬಿದ್ದಿತ್ತು. ಆ ಎಂಜಿನ್ನಿನ ವಾಷರುಗಳನ್ನು ಅವಳು ಕುಳಿಯಲ್ಲಿಟ್ಟೇ ತಿಕ್ಕಿದ್ದಳು, ಒಂದೊಂದನ್ನೂ ಮೂರು ಮೂರು ಸಲ ಅಳೆದಿದ್ದಳು.

"ಬ್ಯಾಡ್ರಿ ಕಾಕಾ," ಎಂದಳು. "ಅವನ್ನೂ ನಾನ ಮಾಡೇನಿ, ಇವನ್ನೂ ನಾನ ಮಾಡೇನಿ. ಅವು ಸರಿ ಅದಾವು. ಇವಕ್ಕಷ್ಟ ಅರಗ ಹಚ್ಚಿ ಕೆಟ್ಟೆ. ಅಪ್ಪಂದೇನೂ ತಪ್ಪಿಲ್ರಿ."

ಅವಳು ಡಬ್ಬಿ ಬಿಚ್ಚಿ, ತಂದಿದ್ದ ಐದನೆಯ ವಾಷರನ್ನು ಅಳೆದು ಮೈಕ್ರೋಮೀಟರನ್ನು ಮುಂದೆ ಹಿಡಿದಳು. ತವನಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ ರಾಯಪ್ಪನಿಗೆ ಕೊಟ್ಟರು. ಅವನು ತನಗೂ ಓದಲು ಬರುವುದಿಲ್ಲ ಎಂದು ಅವಳ ಕೈಗೇ ವಾಪಸು ಕೊಟ್ಟ.

"ಎಂಜಿನ್ ಇರಲಿ," ಎಂದರು ತವನಪ್ಪ ಕೊನೆಗೆ. "ಪೆಟಿಗಿ ಅಷ್ಟ ಬಿಚ್ಚು." ಅವಳ ಕಡೆ ನೋಡದೆಯೇ ಮುಂದುವರಿಸಿದರು: "ನಾಳೆ ಹತ್ತಕ್ಕ ನಾಕೂ ಬೇಕು. ತಪ್ಪಿದ್ರ ಕೆಲಸಾ ಕೊಲ್ಲಾಪುರಕ್ಕ ಕಳಸ್ತೇನಿ."

ಅವಳು ಮನೆ ಮುಟ್ಟಿದಾಗ ಹೊತ್ತು ಮುಳುಗಲು ಇನ್ನೂ ಎರಡು ತಾಸಿತ್ತು. ಅಪ್ಪ ಬಾಗಿಲಲ್ಲೇ ಇದ್ದ. ತನ್ನ ಕಣ್ಣಿನ ಮಾತು ಹೇಳಿದೆಯಾ ಎಂದು ಕೇಳಿದ. ಹೇಳಿದೆ, ಆದರೆ ಅಷ್ಟಕ್ಕೇ ನಿಲ್ಲಿಸಲು ಆಗಲಿಲ್ಲ, ಎಲ್ಲ ಹೇಳಿಬಿಟ್ಟೆ ಎಂದಳು. ಇನ್ನು ಕೇದಾರಿಯ ಹೆಸರು ಹೇಳಿ ಯಾರೂ ಆ ಬಾಗಿಲಿಗೆ ಬರುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಅವಳು ಹಳೆಯ ಕಟ್ಟಿಗೆಯ ತುಂಡನ್ನೇ ತೆಗೆದುಕೊಂಡಳು. ಮೊದಲನೆಯ ವಾಷರ್ ಮುಗಿಯುವ ಹೊತ್ತಿಗೆ ಕೇದಾರಿ ಎದ್ದು ಬಂದು, ಕಟ್ಟೆಯ ಮೇಲೆ ತಡಕಾಡಿ ಸ್ಪಿರಿಟ್ಟಿನ ಬಾಟಲಿ ಹುಡುಕಿ, ಬಿರಡೆ ತೆಗೆದು ಕೊಟ್ಟ. ಈ ಸಲ ಅರಗೇ ಇರಲಿಲ್ಲ. ಆದರೂ ಅವಳು ಒರೆಸಿ ಅಳೆದಳು.

"ಎಷ್ಟೈತಿ?"

"ಎಂಬತ್ತೈದ."

"ಇನ್ನೊಮ್ಮಿ ನೋಡು."

ಅವಳು ಇನ್ನೊಮ್ಮೆ ಒರೆಸಿದಳು.