ಜಾಳಿಯಲ್ಲಿ ಉಳಿದ ಹೆಸರು

ಜಾಳಿಯ ಒಂದು ತುದಿಯನ್ನು ಕೊಕ್ಕೆಯಿಂದ ಎತ್ತಿ ಮಂಡಿಗೆ ಆನಿಸಿಕೊಂಡ ನೀಲಿಮಾ ಅಲ್ಲೇ ನಿಂತಳು. ಬೇಕಾದ ತುಂಡುಗಳನ್ನು ಕತ್ತರಿಸಿ ತೆಗೆದ ಮೇಲೆ ತಗಡು ಕತ್ತರಿಸುವ ಪ್ಲಾಸ್ಮಾ ಟೇಬಲ್ಲಿನ ಮೇಲೆ ಉಳಿಯುವ ತೂತು ತೂತಿನ ತಗಡಿಗೆ ಭೋಸರಿಯ ಆ ಶೆಡ್ಡಿನಲ್ಲಿ ಜಾಳಿ ಎನ್ನುತ್ತಿದ್ದರು. ಅದನ್ನು ಎಳೆದು ಗುಜರಿಯ ರಾಶಿಗೆ ಹಾಕಿ, ಕೆಳಗಿನ ನೀರಿನ ತೊಟ್ಟಿಯಲ್ಲಿ ಬಿದ್ದ ಚೂರುಗಳನ್ನು ಬಾಚುವುದು ಬೆಳಗಿನ ಅವಳ ಮೊದಲ ಕೆಲಸ. ಗಂಡಸರಿಗೆ ತುಂಡು ಕೈಗೆ ಬಂದರೆ ಮುಗಿಯಿತು. ಜಾಳಿಯನ್ನು ಯಾರು ಎತ್ತುತ್ತಾರೆ ಎಂದು ಅವರು ಯೋಚಿಸಿದವರಲ್ಲ.

ನಿನ್ನೆ ಭಾನುವಾರ ಅವಳು ಶೆಡ್ಡಿಗೆ ಬಂದಿರಲಿಲ್ಲ. ಶನಿವಾರ ಖಾಲಿ ಬಿಟ್ಟು ಹೋದ ಟೇಬಲ್ಲಿನ ಮೇಲೆ ಈಗ ಈ ಜಾಳಿ. ಬೆಳಕಿಗೆ ಹಿಡಿದಾಗ ತೂತುಗಳು ಮರಾಠಿ ಅಕ್ಷರಗಳಾದವು. ರಂಜನಾ ಫ್ಯಾಬ್ರಿಕೇಶನ್, ಬಾರಾಮತಿ.

ರಂಜನಾ ಅವಳ ಮೈದುನ ಅಮರನ ಹೆಂಡತಿ.

ಅಕ್ಷರಗಳನ್ನು ಬಿಡಿಬಿಡಿಯಾಗಿ ಕತ್ತರಿಸಿರಲಿಲ್ಲ. ತಲೆಯ ಮೇಲಿನ ಗೆರೆಗೆ ಜೋತುಬಿದ್ದು ಒಂದೊಂದು ಪದವೂ ಒಂದೇ ತುಂಡಾಗಿ ಬಂದಿತ್ತು. ಆ ಉಪಾಯವನ್ನು ಅವಳೇ ಕಲಿಸಿದ್ದಳು. "ಕನ್ನಡ ಬೋರ್ಡ್ ಆದ್ರ ಒಂದೊಂದು ಅಕ್ಷರ ಹಚ್ಚಬೇಕು ಅಮರ. ಮರಾಠಿಗೆ ತಲಿ ಮ್ಯಾಲ ಗೆರಿ ಅದ ಅಲ್ಲ, ಅದನ್ನ ದಪ್ಪ ಮಾಡು, ತಾನ ಹಿಡಕೋತದ." ಬೇಸಿಗೆಯಿಡೀ ಅಮರ ಅವಳ ಪಕ್ಕದಲ್ಲಿ ನಿಂತು ಕಲಿತಿದ್ದ. ಕಲಿಸು ಎಂದವನು ಗಂಡ ಶಿವರುದ್ರಪ್ಪ. "ನಿನಗ ಜ್ವರ ಬಂದ್ರ ಯಾರರ ಬೇಕಲ್ಲ," ಎಂದಿದ್ದ. ತನ್ನ ಜ್ವರದ ಬಗ್ಗೆ ಒಬ್ಬರು ಮೊದಲೇ ಯೋಚಿಸುತ್ತಿದ್ದಾರೆಂದು ಅವಳಿಗೆ ಆವತ್ತು ಎಷ್ಟು ಹಿತವಾಗಿತ್ತು.

ಎರಡು ವರ್ಷದ ಹಿಂದೆ ಟೇಬಲ್ ಬಂದಾಗ ಶಿವರುದ್ರಪ್ಪನಿಗೆ ಅದರ ಕಂಪ್ಯೂಟರ್ ಕಂಡರೆ ಅಂಜಿಕೆ. ಚಿತ್ರ ಬಿಡಿಸಿ, ತಗಡು ಹಾಳಾಗದಂತೆ ತುಂಡುಗಳನ್ನು ಒತ್ತೊತ್ತಾಗಿ ಹೊಂದಿಸುವುದನ್ನು ಅವಳು ಕಲಿತಳು. "ಟೇಬಲ್ ನಿಂದು, ವೆಲ್ಡಿಂಗ್ ನಂದು," ಎಂದು ಅವನು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ. ಮೊನ್ನೆ ಚಾಕಣದ ಇಂಥದೇ ಶೆಡ್ಡಿನಿಂದ ಬಂದಿದ್ದ ಮಲಕಪ್ಪ, "ನಮ್ಮಲ್ಲೂ ಟೇಬಲ್ ಬಂದದ್ರಿ ಅಕ್ಕಾರ, ನಡಸವರಿಲ್ಲ. ನೀವು ಬಂದುಬಿಡ್ರಿ, ಯಜಮಾನ್ರು ಅಳಕೋತ ಕೂಡ್ಲಿ," ಎಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವನೂ ಅವನೇ.

ಈಗ ಅವನು ಮೂಲೆಯಲ್ಲಿ, ಮೂರು ಬಗೆಯ ವೆಲ್ಡಿಂಗನ್ನೂ ಒಂದರಲ್ಲೇ ಮಾಡುವ ಯಂತ್ರದ ಗುಂಡಿ ತಿರುಗಿಸುತ್ತಿದ್ದ.

"ರೀ, ಈ ಬೋರ್ಡ್ ಯಾರದು?"

"ಗಿರಾಕಿದು." ಅವನು ಮುಖಗವಸು ಇಳಿಸಿಕೊಂಡ.

"ಬಾರಾಮತಿ ಗಿರಾಕಿ?"

"ಹೂಂ. ಆ ಜಾಳಿ ಅತ್ತಾಗ ಒಗಿ, ದಾರ್ಯಾಗ ಅದ."

ಬೆಂಕಿ ಹೊತ್ತಿಸದೆ, ಕಪ್ಪು ಗಾಜಿನ ಹಿಂದೆ ಅವನು ಸುಮ್ಮನೆ ನಿಂತೇ ಇದ್ದ.

ಅಷ್ಟರಲ್ಲಿ ವಡಾಪಾವಿನ ಪೊಟ್ಟಣ ಹಿಡಿದು ಅಮರ ಬಂದ. "ವೈನೀ, ನೋಡಿದ್ರೇನ ನಮ್ಮ ಬೋರ್ಡ್? ನಿಮ್ಮ ಶಿಷ್ಯ ಪಾಸೋ ನಪಾಸೋ?"

ನೀಲಿಮಾ ಜಾಳಿಯ ಕಡೆ ನೋಡಿದಳು. "'ಬಾ' ಅಕ್ಷರದ ಅಂಚು ಸುಟ್ಟದ. ವೇಗ ಕಡಿಮಿ ಇಟ್ಟಿದ್ದಿ."

"ಭಾಳ ಕಡಕ್ ಮಾಸ್ತರ್ರಪಾ ನೀವು!" ಅಮರ ನಕ್ಕ. ಆಮೇಲೆ ದನಿ ತಗ್ಗಿಸಿದ. "ದಸರಾಕ್ಕ ಟೇಬಲ್ಲಿಗೆ ಖಂಡೇ ಪೂಜಿ ನಿಮ್ಮ ಕೈಲೇ ಆಗ್ಲಿ ವೈನಿ. ಆಮ್ಯಾಲ ಟೇಬಲ್ ಬಾರಾಮತಿಗೆ, ನಮ್ಮ ಹೊಸ ಶೆಡ್ಡಿಗೆ ಒಯ್ತೀವಿ. ಖರೇ ಹೇಳ್ತೀನಿ, ಅಣ್ಣ ಹೇಳಿದಾಗ ನನಗ ನಂಬಿಕಿನ ಬರಲಿಲ್ಲ. 'ನನಗ ಸಾಕಾಗೇದ, ಟೇಬಲ್ ಅಮರಗ ಕೊಡ್ರಿ, ನಾ ಮನ್ಯಾಗ ಆರಾಮ ಇರ್ತೀನಿ' ಅಂದ್ರಂತಲ್ಲ ನೀವು? ರಂಜನಾ ಅತ್ತೇಬಿಟ್ಲು. ವೈನಿ ಮನಸ್ಸು ಎಷ್ಟ ದೊಡ್ಡದು ಅಂತ."

ಮೂಲೆಯಲ್ಲಿ ಒಮ್ಮೆಲೇ ನೀಲಿ ಬೆಳಕು ಹೊತ್ತಿತು. ಶಿವರುದ್ರಪ್ಪ ವೆಲ್ಡಿಂಗ್ ಶುರು ಮಾಡಿದ್ದ. ಬರಿಗಣ್ಣಿನಲ್ಲಿ ಅತ್ತ ನೋಡುವಂತಿರಲಿಲ್ಲ. ಅವಳು ಮುಖ ತಿರುಗಿಸಿಕೊಂಡಳು.

ಅವಳು ಹಾಗೆ ಹೇಳಿರಲಿಲ್ಲ. ಸಾಕಾಯಿತು ಎಂಬ ಮಾತು ಜ್ವರದಲ್ಲೂ ಅವಳ ಬಾಯಿಂದ ಬಂದಿರಲಿಲ್ಲ. ಟೇಬಲ್ ಅಮರನಿಗೆ ಕೊಡುತ್ತೇನೆ ಎಂದು ಗಂಡ ಎದುರಿಗೇ ಹೇಳಿದ್ದರೆ ಜಗಳವಾಡುತ್ತಿದ್ದಳು, ಅಳುತ್ತಿದ್ದಳು, ಕೊನೆಗೆ ಒಪ್ಪುತ್ತಿದ್ದಳೋ ಏನೋ. ಆದರೆ ಅವನು ಟೇಬಲ್ಲನ್ನು ಕಸಿದಿರಲಿಲ್ಲ, ಅವಳ ಬಾಯಿಂದಲೇ ದಾನ ಮಾಡಿಸಿದ್ದ. ಈಗ ಇಲ್ಲ ಎಂದರೆ ಕೊಟ್ಟ ಮಾತು ತಪ್ಪಿದವಳು ಅವಳೇ. ಅವಳ ದೊಡ್ಡ ಮನಸ್ಸಿಗೆ ರಂಜನಾ ಅತ್ತೂ ಮುಗಿದಿತ್ತು.

"ಹೌದಲ್ರಿ ವೈನಿ?" ಅಮರ ಕೇಳಿದ. ಅವನ ಮುಖದಲ್ಲಿ ಕಪಟವಿರಲಿಲ್ಲ.

"ವಡಾ ಆರ್ತದ, ತಿನ್ನು," ಎಂದಳು.

ಜಾಳಿಯನ್ನು ಎಳೆದು ಗುಜರಿಯ ಮೇಲೆ ಹಾಕಿದಳು. ತೊಟ್ಟಿಯ ನೀರಿಗೆ ಕೈಹಾಕಿದಾಗ ಅಕ್ಷರಗಳ ಹೊಟ್ಟೆಯಿಂದ ಉದುರಿದ ಸಣ್ಣ ಸಣ್ಣ ಚೂರುಗಳು ಸಿಕ್ಕವು. ಅವನ್ನೂ ಬಾಚಿದಳು. ಹೊಸ ತಗಡು ಹಾಕಿಸಿಕೊಂಡು, ಗೇಟಿನ ಪಟ್ಟಿಗಳನ್ನು ಎಂದಿನಷ್ಟೇ ಒತ್ತಾಗಿ ಹೊಂದಿಸಿದಳು.

ವೆಲ್ಡಿಂಗ್ ನಿಂತಿತು. ಮುಖಗವಸು ಎತ್ತಿದ ಶಿವರುದ್ರಪ್ಪ ಅವಳ ಕಡೆ ನೋಡದೆ ಮೆತ್ತಗೆ ಕೇಳಿದ. "ಚಹಾ ಇಡ್ತೀಯೇನ ನೀಲಾ?"

"ಇಡ್ತೀನಿ."

ಸ್ಟೋವಿನ ಮೇಲೆ ನೀರು ಕಾಯುವ ತನಕ ಅವಳು ಬೆನ್ನು ತಿರುಗಿಸಿ ನಿಂತಿದ್ದಳು. ಮಲಕಪ್ಪ ತಮಾಷೆಗೆ ಅಂದಿದ್ದರೂ ಸರಿ, ನಾಳೆ ಮಕ್ಕಳನ್ನು ಶಾಲೆಗೆ ಕಳಿಸಿ ಚಾಕಣದ ಬಸ್ಸು ಹತ್ತುವುದು. ಈ ದಸರೆಗೆ ತನ್ನ ಕೈಯ ಕುಂಕುಮ ಅಲ್ಲಿನ ಟೇಬಲ್ಲಿಗೆ.

"ಏನ ವಿಚಾರ ಮಾಡಾಕತ್ತಿ?" ಹಿಂದಿನಿಂದ ಅವನು ಕೇಳಿದ.

"ಸಕ್ಕರಿ ಎಷ್ಟ ಹಾಕ್ಲಿ ಅಂತ," ಎಂದಳು ನೀಲಿಮಾ.