ಸೇತುವೆಯ ಕೆಳಗೆ ಜೋಕಾಲಿ

“ಬರೋಬ್ಬರಿ ಜೋತುಬೀಳ್ರೇ ರಂಡೇರಾ! ಇದು ಬಾಗಿದ್ರ ನಾಳಿ ದೊಡ್ಡ ಮಂದಿ ತೆಲಿ ಮ್ಯಾಲ ಬೀಳತೈತಿ!”

ಗುತ್ತಿಗೆದಾರ ಸಿದ್ದಲಿಂಗ ಒದರುತ್ತಿದ್ದ. ನಾವು ಆರು ಜನ ಹೆಂಗಸರು ಹೊಸ ಉದ್ಯಾನದ ಕಬ್ಬಿಣದ ಕಮಾನಿಗೆ ಹೀರೇಕಾಯಿಗಳ ಹಾಗೆ ನೇತಾಡುತ್ತಿದ್ದೆವು. ಮರಳಿನ ಚೀಲ ಕಟ್ಟಿ ಪರೀಕ್ಷಿಸಬೇಕಿತ್ತಂತೆ. ಚೀಲ ಯಾರು ತುಂಬುತ್ತಾರೆ? ನಾವು ಹೇಗೂ ಇದ್ದೆವಲ್ಲ.

ನಿಡಗುಂದಿ ಹೆದ್ದಾರಿಯ ಸೇತುವೆ ಕೆಳಗಿನ ಈ ಪಾಳು ಜಾಗ ನಮ್ಮದಾಗಿತ್ತು. ಬೆಳಿಗ್ಗೆ ಇಲ್ಲಿ ನೆರಳಲ್ಲಿ ನಿಂತರೆ ಯಾರಾದರೂ ಕೂಲಿಗೆ ಕರೆಯುತ್ತಿದ್ದರು. ಈಗ ಉದ್ಯಾನವಾಗಿದೆ. ಕಲ್ಲು ಹಾಸಿದವರೂ ನಾವೇ. ನಾಳೆ ಉದ್ಘಾಟನೆ, ಅದಕ್ಕೇ ನಾಗರ ಪಂಚಮಿಯ ದಿನವೂ ದುಡಿತ.

ಅರವತ್ತರ ರುಕ್ಮವ್ವ ನೇತಾಡುತ್ತಲೇ ಕಾಲು ಬೀಸಿದಳು. ನಮಗೆ ನಗೆ ಒತ್ತರಿಸಿ ಬಂದು, ಕೈಜಾರಿ ಒಬ್ಬರ ಮೇಲೊಬ್ಬರು ಮಣ್ಣಗುಡ್ಡೆಗೆ ಬಿದ್ದೆವು. ಕಮಾನು ಮಿಸುಕಲಿಲ್ಲ.

“ಘಟ್ಟಿ ಅದ,” ಎಂದರು ನಕ್ಷೆ ಬರೆದ ಶ್ರೀವಲ್ಲಭ ಸಾಹೇಬರು. “ನಾಳಿಂದ ನೀವು ಇಲ್ಲಿ ನಿಂದ್ರಬ್ಯಾಡ್ರಿ. ಪೆಟ್ರೋಲ್ ಪಂಪಿನ ಆಚಿ ಹೋಗ್ರಿ.”

“ಅಲ್ಲಿ ಯಾರೂ ಗಾಡಿ ನಿಂದ್ರಸೂದಿಲ್ರಿ,” ಎಂದಳು ರುಕ್ಮವ್ವ. “ಹೊಟ್ಟಿಗೆ ಏನ್ ತಿನ್ನೂನು?”

“ನಕ್ಷೆದಾಗ ನಿಮಗ ಜಾಗಾ ಇಲ್ಲ.”

ಹಲಗೆಗೆ ಅಂಟಿಸಿದ ನಕ್ಷೆಯನ್ನು ಎಲ್ಲರೂ ಇಣುಕಿ ನೋಡಿದೆವು. ಅದರಲ್ಲಿ ಬಿಡಿಸಿದ ಚಿತ್ರಗಳಲ್ಲಿ ಕನ್ನಡಕದ ಅಜ್ಜ ಇದ್ದ, ಬಲೂನಿನ ಹುಡುಗಿ ಇದ್ದಳು.

“ನಾಯಿಗೆ ಜಾಗಾ ಐತಲ್ರೀ ಸಾಹೇಬ್ರ. ಕೊಳ್ಳಾಗ ಪಟ್ಟಾ ಬ್ಯಾರೆ!” ಎಂದಳು ರುಕ್ಮವ್ವ.

ನನಗೆ ಸಿಟ್ಟೂ ಬಂತು, ನಗೆಯನ್ನೂ ತಡೆಯಲಾಗಲಿಲ್ಲ.

ಊರಲ್ಲಿ ಪಂಚಮಿಯ ಜೋಕಾಲಿ ಗೌಡರ ಬೇವಿನ ಮರಕ್ಕೆ. ನಮ್ಮ ಕೇರಿಯವರು ಹಗ್ಗ ಮುಟ್ಟುವಂತಿಲ್ಲ, ದೂರ ನಿಂತು ನೋಡಬೇಕು. ರುಕ್ಮವ್ವ ಅರವತ್ತು ವರ್ಷ ನೋಡಿದ್ದಾಳೆ. ಈಗ ಸಾಮಾನು ಎತ್ತುವ ಹಗ್ಗವನ್ನು ಕಮಾನಿನ ಮೇಲೆ ಎಸೆದು, ಬಿಗಿದು, ನಡುವೆ ಹಲಗೆ ಇಟ್ಟು ಕುಳಿತೇಬಿಟ್ಟಳು.

“ದೂಗ್ರೇ!”

ದೂಗಿದೆವು. ಸೀರೆ ಪಟಪಟ ಹಾರಿತು.

“ಇಳಿ ಮುದಿ ರಂಡೆ! ಪೊಲೀಸರ್ನ ಕರಸ್ತೇನಿ!” ಎಂದ ಸಿದ್ದಲಿಂಗ.

“ಕರಸೋ ಭಾಡ್ಯಾ! ಅವರ ಹೆಂಡ್ರನ್ನೂ ಕರಕೊಂಡ ಬರಲಿ, ಜೀಕಲಿ! ನಾಳೀನೂ ಇಲ್ಲೇ ಇರತೇವಿ!”

ಹಗ್ಗ ಹಿಡಿಯಲು ಸಾಹೇಬರೇ ಮುಂದೆ ಬಂದರು. ಮಣ್ಣು ಮೆತ್ತಿದ ಎರಡು ಪಾದ ನೇರ ಅವರ ಮುಖದತ್ತ ಬಂದವು. ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದರು. ರುಕ್ಮವ್ವ ಇನ್ನೂ ಜೋರಾಗಿ ಜೀಕಿದಳು. ಅವರು ಮತ್ತೊಂದು ಹೆಜ್ಜೆ ಸರಿದರು.

ನಾನು ಸೆರಗು ಸಿಕ್ಕಿಸಿಕೊಂಡೆ. ಮುಂದಿನ ಸರದಿ ನನ್ನದು.